ನವೆಂಬರ್ 1ರ ಪುಟದಲ್ಲಿ ಬಳ್ಳಾರಿ ಯಾಕಿಲ್ಲ?

ನಮಸ್ಕಾರ. "ನವೆಂಬರ್ 1ರ ಪುಟದಲ್ಲಿ 1956ಕ್ಕೆ ಕರ್ನಾಟಕ ಹುಟ್ತು ಅಂತ ಹಾಕಿದೀರಿ, ಹೆಸ್ರು ಬಂದಿದ್ದೇ 1973ಕ್ಕೆ, ನಮ್ಮ ಬಳ್ಳಾರಿ ಅದಕ್ಕೂ ಮೊದ್ಲೇ ಸೇರಿತ್ತು, ಅದ್ರ ಸುದ್ದೀನೇ ಇಲ್ವಲ್ಲ" ಅಂತ ಬರ್ದಿದೀರಿ. ಎರಡೂ ಮಾತು ಸರಿ, ತಪ್ಪು ನಮ್ದೇ, ಕ್ಷಮಿಸಿ.

1956ರಲ್ಲಿ ಆಗಿದ್ದು ವಿಶಾಲ ಮೈಸೂರು ರಾಜ್ಯ. ಹಿಂದಿನ ದಿನದವರೆಗೂ ಕಡಿದಾಳ್ ಮಂಜಪ್ಪನವರು ಹಳೇ ಮೈಸೂರಿನ ಮುಖ್ಯಮಂತ್ರಿ, ಮಾರನೇ ದಿನ ನಿಜಲಿಂಗಪ್ಪನವರ ಕೈಗೆ ಬಂದ ರಾಜ್ಯದಲ್ಲಿ ಮುಂಬೈ ಕಡೆಯ ಬೆಳಗಾವಿ, ಧಾರವಾಡ, ಬಿಜಾಪುರ, ಉತ್ತರ ಕನ್ನಡ, ಹೈದರಾಬಾದಿನ ಬೀದರ್, ಗುಲ್ಬರ್ಗ, ರಾಯಚೂರು, ಮದ್ರಾಸಿನ ದಕ್ಷಿಣ ಕನ್ನಡ, ಕೊಳ್ಳೇಗಾಲ, ಜೊತೆಗೆ ಕೊಡಗು, ಎಲ್ಲಾ ಇತ್ತು. ಅದೇ ದಿನ ಕಾಸರಗೋಡು ಕೇರಳಕ್ಕೆ ಹೋಯ್ತು, ಆ ನೋವು ಅಲ್ಲಿನ ಕನ್ನಡಿಗರಿಗೆ ಇವತ್ತಿಗೂ ಇದೆ. ಏಕೀಕರಣದ ಕನಸು ದೊಡ್ಡದಾಗಿ ಬೆಳೆದಿದ್ದು ಧಾರವಾಡದ ಕಡೆ, ಆಲೂರು ವೆಂಕಟರಾಯರಂಥವರು ಜೀವಮಾನವೆಲ್ಲಾ ಕರ್ನಾಟಕ ಕರ್ನಾಟಕ ಅಂತ ಓಡಾಡಿದ್ರು, ಆದ್ರೂ ಆ ಕಡೆಯವ್ರು 17 ವರ್ಷ ವಿಳಾಸದಲ್ಲಿ ಮೈಸೂರು ರಾಜ್ಯ ಅಂತಲೇ ಬರೀಬೇಕಾಯ್ತು. ಆಲೂರರು 1964ರಲ್ಲಿ ತೀರ್ಕೊಂಡ್ರು, ಆ ಹೆಸರು ನೋಡೋಕೆ ಅವರಿಗೆ ಆಗ್ಲೇ ಇಲ್ಲ, ಇದು ನನ್ನನ್ನ ತುಂಬಾ ಕಾಡುತ್ತೆ. ದೇವರಾಜ ಅರಸರ ಕಾಲದಲ್ಲಿ, 1973ರ ಅದೇ ನವೆಂಬರ್ 1ಕ್ಕೆ, ಹೆಸರು ಕೊನೆಗೂ ಬಂತು. 2014ರಲ್ಲಿ ಬೆಂಗಳೂರು, ಬೆಳಗಾವಿ, ಕಲಬುರಗಿ ಸೇರಿ 12 ಊರುಗಳ ಹೆಸರನ್ನ ಇಂಗ್ಲಿಷಲ್ಲೂ ಕನ್ನಡದ ಉಚ್ಚಾರದಂತೇ ಬರೆಯೋ ಹಾಗೆ ಮಾಡಿದ್ದೂ ಇದೇ ದಿನ.

ಇನ್ನು ಬಳ್ಳಾರಿ. 1953ರ ಅಕ್ಟೋಬರ್ 1ಕ್ಕೆ ಮದ್ರಾಸಿಂದ ಆಂಧ್ರ ಬೇರೆ ಆದಾಗ ಬಳ್ಳಾರಿ ಜಿಲ್ಲೆಯ ಆದೋನಿ, ಆಲೂರು, ರಾಯದುರ್ಗ ತಾಲೂಕುಗಳು ಆ ಕಡೆ ಹೋದ್ವು, ಉಳಿದ ಏಳು ಮೈಸೂರಿಗೆ ಬಂದ್ವು. ಸುಮ್ನೆ ಬರ್ಲಿಲ್ಲ, ಬಳ್ಳಾರಿ ಊರು ಯಾರಿಗೆ ಅನ್ನೋ ಜಗಳ ಬೀದಿಗೇ ಬಂದಿತ್ತು, ಸೇರ್ಪಡೆಯ ಸಂಭ್ರಮಕ್ಕೆ ತಯಾರಿ ನಡೀತಿರೋವಾಗ್ಲೇ ಪಿಂಜಾರ ರಂಜಾನ್ ಸಾಬ್ ಆಸಿಡ್ ದಾಳಿಗೆ ಜೀವ ಕೊಟ್ರು. ಕನ್ನಡಕ್ಕಾಗಿ ಸತ್ತ ಮನುಷ್ಯ, ಅವರ ಹೆಸರು ನಮ್ಮ ಪುಟದಲ್ಲಿ ಒಂದು ಸಾಲಿಗೂ ಬರ್ಲಿಲ್ಲ, ಯಾಕಂದ್ರೆ ನಾವು ಒಂದೇ ತಾರೀಖು ಹಿಡ್ಕೊಂಡು ಅದ್ರ ಆಚೆ ಈಚೆ ನೋಡದೇ ಪುಟ ಕಟ್ಟಿದ್ವಿ.

ಮುಂದಿನ ವರ್ಷ ಅಕ್ಟೋಬರ್ 1ಕ್ಕೂ ಒಂದು ಪುಟ ಇಡ್ತೀವಿ, ಅದು ರಂಜಾನ್ ಸಾಬರಿಂದಲೇ ಶುರುವಾಗುತ್ತೆ. ಆ ದಿನಗಳನ್ನ ಕಂಡ ಹಿರಿಯರು ನಿಮ್ಮ ಕಡೆ ಇದ್ರೆ ದಯವಿಟ್ಟು ಅವರ ಮಾತು ಕೇಳಿ ಬರೆದು ಕಳಿಸಿ.