ಪುಂಡಿ ನಾರಿನ ಶೀಟ್ ಗಟ್ಟಿ ಬರಬೇಕೆಂದರೆ ಕಾಸ್ಟಿಕ್ ಎಷ್ಟು ಹಾಕಬೇಕು?

ಕಾಸ್ಟಿಕ್ ಸೋಡಾ ಶೇ 5ರಿಂದ 10ಕ್ಕೆ ಏರಿಸಲೇ, ಇಲ್ಲ ನಾರಿಗೆ ರೆಸಿನ್ (ಗಟ್ಟಿಯಾಗುವ ಪ್ಲಾಸ್ಟಿಕ್ ದ್ರವ) ಹಿಡಿಯಲೆಂದು ಹಚ್ಚುವ ಸಿಲೇನ್ ತರಿಸಲೇ ಅಂತ ಕೇಳಿದ್ದೀರಿ. ಸದ್ಯಕ್ಕೆ ಎರಡೂ ಬೇಡ. ಬೇಸಿಗೆಯಲ್ಲಿ ಮಾಡಿದ ಪುಂಡಿ ನಾರಿನ ಪಾಲಿಯೆಸ್ಟರ್ ಶೀಟ್ ಚೆನ್ನಾಗಿತ್ತು, ಈಗ ಬೀದರ್‌ನಲ್ಲಿ ಮಳೆ ಹಿಡಿದ ಮೇಲೆ ಮಾಡಿದ್ದು ಕೈಯಲ್ಲೇ ಮುರಿಯುತ್ತಿದೆ ಅಂತ ಪ್ರಶ್ನೆಯ ಕೊನೆಯಲ್ಲಿ ಸುಮ್ಮನೆ ಸೇರಿಸಿದ್ದೀರಲ್ಲ, ನಿಮ್ಮ ಉತ್ತರ ಅಲ್ಲೇ ಇದೆ. ನಾನು ಅದೇ ಹಳ್ಳಕ್ಕೆ ಬಿದ್ದು ಎದ್ದವನು.

ಕಲಬುರಗಿಯ ಕಪನೂರು ಕೈಗಾರಿಕಾ ಪ್ರದೇಶದಲ್ಲಿ ನಂದೊಂದು ಸಣ್ಣ ಫೈಬರ್ ಶೆಡ್ ಇದೆ. ಗ್ಲಾಸ್ ಮ್ಯಾಟ್ ಹಾಕಿ ಬಾತ್‌ರೂಮ್ ಬಾಗಿಲು, ಟ್ಯಾಂಕ್ ಮುಚ್ಚಳ ಮಾಡುವುದು ಕಸುಬು. ನಮ್ಮೂರು ಆಳಂದದ ಕಡೆ. ಅಲ್ಲಿ ಜೋಳದ ಹೊಲದ ಬದುವಿಗೆ ಪುಂಡಿ ಹಾಕುತ್ತಾರೆ. ತೊಪ್ಪಲು ಪಲ್ಯಕ್ಕೆ, ಕಟ್ಟಿಗೆಯನ್ನು ನೀರಲ್ಲಿ ಕೊಳೆಹಾಕಿ ಸುಲಿದರೆ ನಾರು ಹಗ್ಗಕ್ಕೆ. ಹೊರದೇಶಗಳಲ್ಲಿ ಕೆನಾಫ್ ಅಂತ ಕಾರಿನ ಬಾಗಿಲಿನ ಒಳಹಲಗೆಗೆ ಹಾಕುವುದೂ ಈ ಕುಲದ್ದೇ. ಇಷ್ಟು ಗೊತ್ತಾದ ಮೇಲೆ ಸುಮ್ಮನಿರಲಿಲ್ಲ ನಾನು. ಏಪ್ರಿಲ್‌ನಲ್ಲಿ ಒಂದಿಷ್ಟು ಹಲಗೆ ಮಾಡಿದೆ. ಮೇಲೆ ನಿಂತು ಕುಣಿದರೂ ಏನೂ ಆಗಲಿಲ್ಲ. ಅದನ್ನೇ ಸ್ಯಾಂಪಲ್ ಅಂತ ತೋರಿಸಿ ಒಂದು ಖಾಸಗಿ ಶಾಲೆಯಿಂದ ಬೆಂಚಿನ ಮೇಲ್ಹಲಗೆಯ ಆರ್ಡರ್ ಹಿಡಿದೆ, ಅಡ್ವಾನ್ಸ್ ಸಮೇತ.

ಆರ್ಡರಿನ ಕೆಲಸ ಶುರುವಾಗಿದ್ದು ಮಳೆಗಾಲದಲ್ಲಿ. ಇನ್ನು ಮುಂದಿನದನ್ನು ಸ್ವಲ್ಪ ಉದ್ದಕ್ಕೇ ಹೇಳುತ್ತೇನೆ, ಯಾಕೆಂದರೆ ಇಡೀ ವಿಷಯ ಇಷ್ಟೇ.

ನಾನು ನಾರು ಒಣಗಿಸುತ್ತಿರಲಿಲ್ಲ ಅಂತಲ್ಲ. ಒಣಗಿಸುತ್ತಿದ್ದೆ. ಬೇಕರಿಯವರು ಮಾರಿದ ಹಳೆಯ ಕರೆಂಟ್ ಒಲೆ ಇತ್ತು. ಕಾಸ್ಟಿಕ್‌ನಲ್ಲಿ ನೆನೆಸಿ ತೊಳೆದ ನಾರನ್ನು ಸಂಜೆ ಅದರಲ್ಲಿ 80 ಡಿಗ್ರಿಗೆ ಇಟ್ಟು, ರಾತ್ರಿ ಮನೆಗೆ ಹೋಗುವ ಮುಂಚೆ ಹೊರಗೆ ತೆಗೆದು, ಆರಲಿ ಅಂತ ಪರ್ಸಿ ಕಲ್ಲಿನ ನೆಲದ ಮೇಲೆ ಹರವಿ ಹೋಗುತ್ತಿದ್ದೆ. ಮುಂಜಾನೆ ಬಂದು ಮೋಲ್ಡಿಗೆ ಹಾಕುವುದು. ಪುಸ್ತಕದಲ್ಲಿ ‘ಒಣಗಿಸಿದೆ’ ಅಂತ ಟಿಕ್ ಕೂಡ ಬೀಳುತ್ತಿತ್ತು. ಕಲಬುರಗಿಯ ಏಪ್ರಿಲ್ ಗಾಳಿಯಲ್ಲಿ ಹಸಿ ಬಟ್ಟೆಯೇ ಗಳಿಗೆಯಲ್ಲಿ ಒಣಗುತ್ತದೆ, ಹರವಿದ ನಾರಿಗೆ ಏನೂ ಆಗುತ್ತಿರಲಿಲ್ಲ. ಮಳೆಗಾಲದಲ್ಲಿ ಅದೇ ಪರ್ಸಿ ಬೆವರುತ್ತದೆ. ಒಲೆಯಿಂದ ತೆಗೆದ ನಾರು ರಾತ್ರಿಯಿಡೀ ಗಾಳಿಯ ತೇವ ಕುಡಿದು, ಬೆಳಿಗ್ಗೆ ಮುಟ್ಟಿದರೆ ಮಾತ್ರ ಒಣಗಿದಂತೆಯೇ ಇರುತ್ತಿತ್ತು. ಕೈಗೆ ತಿಳಿಯುವುದಿಲ್ಲ. ಸೆಣಬಿನ ವ್ಯಾಪಾರದಲ್ಲಿ ತೂಕಕ್ಕೆ ಒಪ್ಪಿಕೊಂಡಿರುವ ತೇವದ ಲೆಕ್ಕವೇ ಶೇ 13.75. ಅಂದರೆ ಪೂರ್ತಿ ಒಣಗಿದ 100 ಕೆಜಿ ನಾರಿಗೆ ಹದಿಮೂರು ಮುಕ್ಕಾಲು ಕೆಜಿ ನೀರು, ಆದರೂ ಅದು ‘ಒಣ’ ಸೆಣಬೇ! ಪುಂಡಿಯೂ ಇದಕ್ಕೆ ಹೊರತಲ್ಲ.

ಹಲಗೆಗಳು ಮೋಲ್ಡಿನಿಂದ ಹೊರಬಂದಾಗ ಅಲ್ಲಲ್ಲಿ ಬಿಳಿ ಮಚ್ಚೆ, ಅಂಚಿನಲ್ಲಿ ಸಣ್ಣ ಗುಳ್ಳೆ. ನಾನು ಯಾರನ್ನು ಬೈದೆ? ಮೊದಲು ರೆಸಿನ್ ಕೊಟ್ಟವನನ್ನು. ಆಮೇಲೆ ರೆಸಿನ್ ಗಟ್ಟಿ ಮಾಡುವ ಕ್ಯಾಟಲಿಸ್ಟ್ ಹಳತು ಅಂತ ಹೊಸದು ತರಿಸಿದೆ. ಆಮೇಲೆ ನಿಮ್ಮ ಹಾಗೆಯೇ ಓದಿಕೊಂಡು, ಕಾಸ್ಟಿಕ್ ಕಡಿಮೆಯಾಗಿದೆ ಅಂತ 5ರಿಂದ 8, 8ರಿಂದ 10 ಮಾಡಿದೆ. ನಾರು ಹಳದಿ ತಿರುಗಿ, ಬಾಗಿಸಿದರೆ ಪಟ್ ಅಂತ ಮುರಿಯುವಂತಾಯಿತು. ಹಲಗೆ ಇನ್ನಷ್ಟು ಕೆಟ್ಟಿತು. ಆದರೂ ಕಳಿಸಿದೆ, ತಾರೀಕು ಮೀರಿತ್ತು. ಕೆಲವೇ ವಾರದಲ್ಲಿ ಶಾಲೆಯಿಂದ ಫೋನು: “ನಿಮ್ ಹಲಗಿ ಅಂಚಿನಾಗ ಉಬ್ಯಾವ್ರಿ, ಬಂದ್ ಒಯ್ರಿ.” ಒಯ್ದೆ. ಅಡ್ವಾನ್ಸ್ ವಾಪಸ್ ಕೊಟ್ಟೆ. ರೆಸಿನ್ ಸಾಲ ಹಾಗೇ ಉಳಿಯಿತು.

ಕಾರಣ ಸಿಕ್ಕಿದ್ದು ಆಮೇಲೆ, ಅದೂ ನನ್ನ ಬುದ್ಧಿಯಿಂದಲ್ಲ. ಉಳಿದ ನಾರಿನಲ್ಲಿ ಟ್ಯಾಂಕ್ ಮುಚ್ಚಳ ಮಾಡೋಣ ಅಂತ ರಾತ್ರಿ ಒಲೆಯಿಂದ ತೆಗೆದು ತೂಗಿಟ್ಟಿದ್ದೆ. ಮುಂಜಾನೆ ಕೆಲಸದ ಹುಡುಗ ಇನ್ನೊಮ್ಮೆ ತೂಗಿ ಹೇಳಿದ: “ಅಣ್ಣಾರ, ಕಾಟಾ ಕೆಟ್ಟದ್ರಿ. ರಾತ್ರಿ ಒಂದ್ ಕೆಜಿ ಇದ್ದದ್ದು ಈಗ ನೂರ್ ಗ್ರಾಂ ಜಾಸ್ತಿ ತೋರಸಲತ್ತದ.” ಕಾಟಾ ಸರಿಯೇ ಇತ್ತು.

ಆ ನೂರು ಗ್ರಾಂ ಏನು ಮಾಡುತ್ತದೆ ಅಂದರೆ, ನಾರಿನ ಮೈಯೆಲ್ಲ ನೀರನ್ನು ಹಿಡಿಯುವ ಹೈಡ್ರಾಕ್ಸಿಲ್ ಗುಂಪುಗಳು. ರೆಸಿನ್‌ಗೆ ನೀರು ಆಗುವುದಿಲ್ಲ. ನಡುವೆ ನೀರು ಕೂತರೆ ರೆಸಿನ್ ನಾರಿಗೆ ಅಂಟುವುದೇ ಇಲ್ಲ, ಧೂಳು ಒರೆಸದ ಗೋಡೆಗೆ ಗಿಲಾವ್ ಮಾಡಿದಂತೆ. ಪಾಲಿಯೆಸ್ಟರ್ ಗಟ್ಟಿಯಾಗುವಾಗ ತಾನೇ ಬಿಸಿಯಾಗುತ್ತದೆ, ಆಗ ತೇವ ಆವಿಯಾಗಿ ಗುಳ್ಳೆ ಬಿಡುತ್ತದೆ. ಅದು ಸಾಲದೆಂದು ನೀರು ಕ್ಯಾಟಲಿಸ್ಟಿನ ಕೆಲಸಕ್ಕೂ, ಅದನ್ನು ಚುರುಕು ಮಾಡುವ ಕೋಬಾಲ್ಟಿನ ಕೆಲಸಕ್ಕೂ ಅಡ್ಡ ಬಂದು ರೆಸಿನ್ ಅರೆಬೆಂದ ಹಾಗೆ ಉಳಿಯುತ್ತದೆ. ಶೀಟಿನ ಮೇಲೆ ಬಿದ್ದ ಭಾರ ರೆಸಿನ್‌ನಿಂದ ನಾರಿಗೆ ದಾಟಬೇಕು. ಹಿಡಿತ ಇಲ್ಲದಿದ್ದರೆ ದಾಟುವುದಿಲ್ಲ, ಆಗ ನಾರು ಹಾಕಿದ್ದೂ ಒಂದೇ, ಕಸ ಹಾಕಿದ್ದೂ ಒಂದೇ.

ಹಾಗಾಗಿ ಈಗ ನಾನು ಮಾಡುವುದು: ಕಾಸ್ಟಿಕ್ ಶೇ 5ರ ಮೇಲೆ ಹೋಗುವುದಿಲ್ಲ, ಬಿಸಿ ಮಾಡುವುದಿಲ್ಲ, ಕೆಲವು ಗಂಟೆ ನೆನೆಸಿದರೆ ಮುಗಿಯಿತು. ಮೇಣ, ಹೆಮಿಸೆಲ್ಯುಲೋಸ್, ಒಂದಿಷ್ಟು ಲಿಗ್ನಿನ್ ಹೋಗಿ ನಾರಿನ ಮೈ ಒರಟಾದರೆ ಅದರ ಕೆಲಸ ಆಯಿತು. ಹೆಚ್ಚಾದರೆ ಅದು ನಾರಿಗೆ ಬಲ ಕೊಡುವ ಸೆಲ್ಯುಲೋಸ್‌ಗೇ ಕೈ ಹಾಕುತ್ತದೆ. ನೀರಿಗೆ ಸೋಡಾ ಸುರಿಯಿರಿ, ಸೋಡಾಕ್ಕೆ ನೀರಲ್ಲ. ಕೈಗೆ ಗ್ಲೌಸ್, ಕಣ್ಣಿಗೆ ಕನ್ನಡಕ ಹಾಕಿಕೊಳ್ಳದೆ ಮುಟ್ಟಬೇಡಿ. ಆಮೇಲೆ ಸ್ವಲ್ಪ ಅಸಿಟಿಕ್ ಆಸಿಡ್ ಹಾಕಿದ ನೀರಲ್ಲಿ ಜಾಲಿಸಿ, ಕೆಂಪು ಲಿಟ್ಮಸ್ ಕಾಗದ ನೀಲಿ ತಿರುಗುವುದು ನಿಲ್ಲುವ ತನಕ ತೊಳೆಯಿರಿ. ಒಳಗೆ ಕಾಸ್ಟಿಕ್ ಉಳಿದರೆ ಮುಂದೆ ಪಾಲಿಯೆಸ್ಟರಿನ ಎಸ್ಟರ್ ಬಂಧವನ್ನೇ ಮುರಿಯುತ್ತದೆ. ಬಿಸಿಲಿಗೆ ಆರಿಸಿ ಒಲೆಗೆ ಇಡಿ, ಎರಡು ಸಲ ತೂಗಿದರೂ ತೂಕ ಇಳಿಯದಿದ್ದಾಗ ಒಣಗಿತು ಅಂತ ತಿಳಿಯಿರಿ. ಬಿಸಿ ಇರುವಾಗಲೇ ದಪ್ಪ ಪಾಲಿಥಿನ್ ಚೀಲಕ್ಕೆ ತುಂಬಿ ಬಾಯಿ ಕಟ್ಟಿ, ಚೀಲದೊಳಗೇ ಆರಲಿ. ರೆಸಿನ್ ಕಲಸಿದ ಮೇಲೆ ಚೀಲ ಬಿಚ್ಚುವುದು, ಮುಂಚೆ ಅಲ್ಲ. ಮಳೆ ಹೊಯ್ಯುವ ದಿನ ನಾನು ನಾರಿನ ಕೆಲಸವನ್ನೇ ಇಟ್ಟುಕೊಳ್ಳುವುದಿಲ್ಲ, ಗ್ಲಾಸ್ ಮ್ಯಾಟಿನದು ಮಾಡುತ್ತೇನೆ. ಕೋಬಾಲ್ಟನ್ನು ರೆಸಿನ್‌ಗೆ ಮೊದಲೇ ಕಲಸಿರಬೇಕು. ಕ್ಯಾಟಲಿಸ್ಟ್‌ಗೆ ನೇರ ಸುರಿದರೆ ಸ್ಫೋಟವಾಗುತ್ತದೆ, ಇದು ನಿಮ್ಮ ಪ್ರಾಜೆಕ್ಟಿಗೆ ಸಂಬಂಧ ಇಲ್ಲದಿದ್ದರೂ ನಿಮ್ಮ ಕಣ್ಣಿಗೆ ಸಂಬಂಧ ಇದೆ.

‘ಗ್ಲಾಸ್ ಫೈಬರಿನಷ್ಟೇ ಬಲ ಬರಬೇಕು’ ಅಂತಲೂ ಬರೆದಿದ್ದೀರಿ. ಬರುವುದಿಲ್ಲ, ಆ ಗುರಿಯೇ ತಪ್ಪು. ಇ-ಗ್ಲಾಸ್, ಅಂದರೆ ಮಾಮೂಲಿ ಗ್ಲಾಸ್ ಫೈಬರ್, ಅದರ ಎಳೆಯ ಬಲ 2000 ಮೆಗಾಪಾಸ್ಕಲ್ ದಾಟುತ್ತದೆ, ಸೆಣಬು-ಪುಂಡಿಯದು ಕೆಲವು ನೂರರಲ್ಲಿ. ಆದರೆ ಗಾಜಿನ ಸಾಂದ್ರತೆ 2.5ರ ಆಸುಪಾಸು, ನಾರಿನದು 1.4ರ ಆಸುಪಾಸು. ಅಷ್ಟೇ ತೂಕಕ್ಕೆ ಹೆಚ್ಚು ದಪ್ಪ ಸಿಗುತ್ತದೆ. ಹಲಗೆ ಬಾಗದೆ ನಿಲ್ಲುವುದು ದಪ್ಪದ ಘನದ ಲೆಕ್ಕದಲ್ಲಿ, ದಪ್ಪ ಎರಡು ಪಟ್ಟಾದರೆ ಬಿಗಿ ಎಂಟು ಪಟ್ಟು. ಬೆಂಚಿಗೆ, ಬಾಗಿಲಿಗೆ ಬೇಕಾದದ್ದು ಅದು. ಜೊತೆಗೆ ನಾರನ್ನು ಕತ್ತರಿಸಿ ಮನಬಂದಂತೆ ಉದುರಿಸುವ ಬದಲು ಬಾಚಿ, ಭಾರ ಬೀಳುವ ದಿಕ್ಕಿಗೆ ಉದ್ದುದ್ದ ಮಲಗಿಸಿ. ಯಾವ ಕೆಮಿಕಲ್ಲೂ ಕೊಡದಷ್ಟು ಫರಕು ಅದೊಂದೇ ಕೊಡುತ್ತದೆ, ಕಾಸಿನ ಖರ್ಚಿಲ್ಲ.

ಮುಂದೆ ಪಾಲಿಯೆಸ್ಟರ್ ಬಿಟ್ಟು, ಕಾಯಿಸಿ ಕರಗಿಸುವ ಪ್ಲಾಸ್ಟಿಕ್ ಆದ ಪಾಲಿಪ್ರೊಪಿಲೀನ್‌ಗೆ ಹೋಗುವ ವಿಚಾರವಿದ್ದರೆ ನನ್ನ ಕೆಮಿಕಲ್ ಸಿಟ್ಟು ಅಲ್ಲಿಗೆ ಅನ್ವಯಿಸುವುದಿಲ್ಲ. ಅಲ್ಲಿ ನಾರಿಗೆ ಪ್ಲಾಸ್ಟಿಕ್ ಹಿಡಿಯಲು ಮೆಲಿಯಿಕ್ ಅನ್‌ಹೈಡ್ರೈಡ್ ಕೂಡಿಸಿದ ಪಾಲಿಪ್ರೊಪಿಲೀನ್ ಸ್ವಲ್ಪ ಬೇಕೇ ಬೇಕು, ಶಾಖ 200 ಡಿಗ್ರಿ ದಾಟಬಾರದು, ದಾಟಿದರೆ ನಾರು ಸುಟ್ಟ ವಾಸನೆ ಬರುತ್ತದೆ.

ಕಾಸ್ಟಿಕ್ ಬದಲಿಸುವ ಮೊದಲು ಮುರಿದ ತುಂಡಿನ ಬಾಯಿಯನ್ನು ಭೂತಗನ್ನಡಿಯಲ್ಲಿ ನೋಡಿ, ಸಾಧ್ಯವಾದರೆ ಫೋಟೊ ಇಲ್ಲಿ ಹಾಕಿ. ನಾರಿನ ಎಳೆಗಳು ಉದ್ದಕ್ಕೆ, ನುಣ್ಣಗೆ, ರೆಸಿನ್ ಹತ್ತದೆ ಹೊರಗೆ ಚಾಚಿದ್ದರೆ, ಪಕ್ಕದಲ್ಲಿ ಎಳೆ ಜಾರಿಹೋದ ಖಾಲಿ ತೂತುಗಳಿದ್ದರೆ, ಹಿಡಿತ ಇಲ್ಲ. ಆಗ ತೇವದ ಕಡೆ ನೋಡಿ. ಎಳೆಗಳೆಲ್ಲ ರೆಸಿನ್ ಮಟ್ಟಕ್ಕೇ ಕತ್ತರಿಸಿದಂತೆ ತುಂಡಾಗಿದ್ದರೆ ಹಿಡಿತ ಇದೆ, ನಾರಿಗೇ ಶಕ್ತಿ ಉಳಿದಿಲ್ಲ. ಹಾಗಿದ್ದರೆ ಕಾಸ್ಟಿಕ್ ಈಗಾಗಲೇ ಹೆಚ್ಚಾಗಿದೆ, 10 ಬಿಡಿ, 5ನ್ನೂ ಇಳಿಸಿ ನೋಡಬೇಕು.