ಕನಿಷ್ಠ ಎರಡು ಸರಿಯುತ್ತರ: ಲೆಕ್ಕ ಎಲ್ಲಿ ತಪ್ಪಿತು?

ಪ್ರಶ್ನೆ: ತಲಾ ನಾಲ್ಕು ಆಯ್ಕೆಗಳಿರುವ 5 ಪ್ರಶ್ನೆಗಳಿಗೆ ಊಹೆಯಿಂದಲೇ ಉತ್ತರಿಸಿದರೆ ಕನಿಷ್ಠ ಎರಡು ಸರಿಯಾಗುವ ಸಂಭವನೀಯತೆ ಎಷ್ಟು? 1/4 ಅನ್ನು ಎರಡು ಸಲ, 3/4 ಅನ್ನು ಮೂರು ಸಲ ಗುಣಿಸಿದಾಗ ನನಗೆ 27/1024 ಬಂದಿತು. ಪುಸ್ತಕದ ಉತ್ತರ 47/128. ತಪ್ಪೆಲ್ಲಿದೆ?
– ದ್ವಿತೀಯ ಪಿಯುಸಿ ವಿದ್ಯಾರ್ಥಿನಿ

ಉತ್ತರ: ನಿಮ್ಮ ಗುಣಾಕಾರ ಸರಿಯಾಗಿದೆ; ಆದರೆ ಅದು ಒಂದೇ ಒಂದು ಕ್ರಮದ, ಉದಾಹರಣೆಗೆ ಮೊದಲೆರಡು ಸರಿಯಾಗಿ ಉಳಿದ ಮೂರು ತಪ್ಪಾಗುವ ಸಂದರ್ಭದ, ಸಂಭವನೀಯತೆ ಮಾತ್ರ. ಐದರಲ್ಲಿ ಯಾವ ಎರಡು ಬೇಕಾದರೂ ಸರಿಯಾಗಬಹುದಾದ್ದರಿಂದ ಅಂತಹ 10 ಕ್ರಮಗಳಿವೆ. ಹೀಗಾಗಿ ಎರಡೇ ಎರಡು ಉತ್ತರಗಳು ಸರಿಯಾಗುವ ಸಂಭವನೀಯತೆ 270/1024. ಇಂತಹ ಲೆಕ್ಕಗಳಿಗೆ ಬಳಸುವ ದ್ವಿಪದ ವಿತರಣೆಯ ಸೂತ್ರದಲ್ಲಿರುವ ಸಂಯೋಜನೆಯ ಪದ (ಇಲ್ಲಿ ಐದರಲ್ಲಿ ಎರಡನ್ನು ಆರಿಸುವ ವಿಧಗಳ ಸಂಖ್ಯೆ) ಎಣಿಸುವುದು ಈ ಕ್ರಮಗಳನ್ನೇ, ಮತ್ತು ಹೆಚ್ಚಿನವರು ಮರೆಯುವುದೂ ಅದನ್ನೇ.

'ಕನಿಷ್ಠ ಎರಡು' ಎಂದರೆ ಎರಡು, ಮೂರು, ನಾಲ್ಕು, ಐದು ಎಲ್ಲವೂ ಸೇರುತ್ತವೆ. ಅವನ್ನೆಲ್ಲ ಕೂಡಿಸುವುದಕ್ಕಿಂತ ಬೇಡದ್ದನ್ನು ಒಂದರಿಂದ ಕಳೆಯುವುದು ಸುಲಭ: ಒಂದೂ ಸರಿಯಾಗದಿರುವುದು 243/1024, ಒಂದು ಮಾತ್ರ ಸರಿಯಾಗುವುದು 405/1024, ಉಳಿಯುವುದು 376/1024, ಅಂದರೆ 47/128.

ಇಲ್ಲಿ ಪ್ರತಿ ಊಹೆಯೂ ಸ್ವತಂತ್ರವಾಗಿದ್ದು ಸಂಭವನೀಯತೆ ಬದಲಾಗದಿರುವುದರಿಂದಲೇ ಈ ಸೂತ್ರ ಸಲ್ಲುತ್ತದೆ. ಇಸ್ಪೀಟು ಕಟ್ಟಿನಿಂದ ತೆಗೆದ ಎಲೆಯನ್ನು ಮರಳಿ ಇಡದ ಲೆಕ್ಕಗಳಿಗೆ ಇದನ್ನು ಬಳಸಬೇಡಿ.