ಹಾಳೆಯ ಎರಡೂ ಬದಿ ಒಂದೇ ಸಲಕ್ಕೆ ಮುದ್ರಿಸುವ ಚಿಕ್ಕ ಆಫ್‌ಸೆಟ್ ಮಷೀನ್ ಡಿಸೈನ್ ಮಾಡುತ್ತಿದ್ದೇನೆ. ಹಾಳೆ ತಿರುಗಿಸೋಕೆ ಯಾವ ದಾರಿ ಒಳ್ಳೆಯದು?

ಜೆರಾಕ್ಸ್ ಮಷೀನ್ ತರಹ ಹಾಳೆಯನ್ನು ಒಂದು ಜೇಬಿನೊಳಗೆ ಬಿಟ್ಟು, ಹಿಂದಿನಿಂದ ಎಳೆದು ಇನ್ನೊಂದು ಬದಿ ಮುದ್ರಿಸುವ ಎರಡನೇ ಯೂನಿಟ್‌ಗೆ ಕೊಟ್ಟರೆ, ಹಾಳೆ ತಿರುಗಿಸುವ ದುಬಾರಿ ಡ್ರಮ್ (ದೊಡ್ಡ ಉರುಳೆ) ಬೇಕಾಗಲ್ಲ, 10-12 ಅಡಿ ಕೋಣೆಯಲ್ಲೇ ಮಷೀನ್ ಕೂರುತ್ತದೆ, ಅಲ್ವಾ ಅಂತ ಕೇಳಿದ್ದೀರಿ. ನೀವು ಬರೆದಿರುವುದು ನಾನು 2009ರಲ್ಲಿ ಕಟ್ಟಿದ ಮಷೀನನ್ನೇ. ದಯವಿಟ್ಟು ಕಟ್ಟಬೇಡಿ. ಯಾಕೆ ಅಂತ ಪೂರ್ತಿ ಹೇಳುತ್ತೇನೆ, ಸ್ವಲ್ಪ ಉದ್ದ ಆಗುತ್ತದೆ.

ನಮ್ಮದು ಗದಗ. ನಮ್ಮೂರಿಗೆ ಮುದ್ರಣ ಕಾಶಿ ಅಂತಲೇ ಹೆಸರು. ಅಪ್ಪನದು ಮೊದಲು ಟ್ರೆಡಲ್ ಪ್ರೆಸ್, ಆಮೇಲೆ ಒಂದು ಸೆಕೆಂಡ್ ಹ್ಯಾಂಡ್ ಸಿಂಗಲ್ ಕಲರ್ ಆಫ್‌ಸೆಟ್. ನಾನು ಮೆಕ್ಯಾನಿಕಲ್ ಡಿಪ್ಲೊಮಾ ಮುಗಿಸಿ ಹುಬ್ಬಳ್ಳಿಯ ಗೋಕುಲ ರೋಡ್‌ನಲ್ಲಿ ಚಿಕ್ಕ ವರ್ಕ್‌ಶಾಪ್ ಹಾಕಿದ್ದೆ. ನೋಟ್‌ಬುಕ್ ಮಾಡುವ ಪ್ರೆಸ್‌ಗಳ ರಿಪೇರಿ ಕೆಲಸ ಜಾಸ್ತಿ ಬರುತ್ತಿತ್ತು. ಪ್ರತಿ ಸಲ ನೋಡುತ್ತಿದ್ದದ್ದು ಒಂದೇ. ಒಂದು ಬದಿ ಗೆರೆ ಹೊಡೆದು ಹಾಳೆ ಪೇರಿಸುವುದು, ಒಣಗಲು ಬಿಡುವುದು, ತಿರುವಿ ಮತ್ತೆ ಅದೇ ಮಷೀನ್‌ಗೆ ಹಾಕುವುದು. ಒಂದೇ ಹಾಳೆಗೆ ಎರಡು ಸಲ ಕೂಲಿ, ಎರಡು ಸಲ ಕರೆಂಟು. ದೊಡ್ಡ ಕಂಪನಿಗಳ ಪರ್ಫೆಕ್ಟಿಂಗ್ ಮಷೀನ್, ಅಂದರೆ ಎರಡೂ ಬದಿ ಒಂದೇ ಓಟದಲ್ಲಿ ಮುದ್ರಿಸುವ ಮಷೀನ್, ಕೊಳ್ಳುವ ಶಕ್ತಿ ಇವರಿಗಿರಲಿಲ್ಲ. ಇವರಿಗಾಗಿಯೇ 15-20 ಇಂಚು ಹಾಳೆಯ ಒಂದು ಪುಟ್ಟ ಮಷೀನ್ ಮಾಡೋಣ ಅಂತ ಇಬ್ಬರು ಸ್ನೇಹಿತರು ಸೇರಿ ಹೊರಟೆವು.

ಮೇಲೆ ಮೊದಲನೇ ಯೂನಿಟ್, ಅದರ ಕೆಳಗೆ ಹಿಂಬದಿಗೆ ಎರಡನೇ ಯೂನಿಟ್. ಮಧ್ಯೆ ಓರೆಯಾದ ಒಂದು ಜೇಬು. ಮುದ್ರಣವಾದ ಬದಿ ಮೇಲಿರುವಂತೆ ಹಾಳೆ ಜೇಬಿಗೆ ಜಾರುತ್ತಿತ್ತು. ಕೆಳಗಿನಿಂದ ಗಾಳಿ ಹೀರಿ ಹಿಡಿಯುವ ಸಕ್ಷನ್ ಟೇಪ್‌ಗಳು ಖಾಲಿ ಬದಿಯನ್ನು ಮಾತ್ರ ಹಿಡಿದಿರುತ್ತಿದ್ದವು. ಹಸಿ ಇಂಕಿಗೆ ಏನೂ ತಾಗುತ್ತಿರಲಿಲ್ಲ. ಆಮೇಲೆ ಟೇಪ್ ಹಿಮ್ಮುಖವಾಗಿ ತಿರುಗಿ, ಹಾಳೆಯ ಬಾಲವನ್ನು ಮುಂದೆ ಮಾಡಿ ಎರಡನೇ ಯೂನಿಟ್‌ನ ಫ್ರಂಟ್ ಲೇಗೆ, ಅಂದರೆ ಹಾಳೆಯ ಮುಂದಿನ ಅಂಚು ತಾಗಿ ನಿಲ್ಲುವ ತಡೆಗೆ, ತಂದು ನಿಲ್ಲಿಸುತ್ತಿತ್ತು. ಗಂಟೆಗೆ 3000 ಹಾಳೆ. ನೋಟ್‌ಬುಕ್ ಕೆಲಸಕ್ಕೆ ಸಾಕು. ಶೆಡ್ಡಿನಲ್ಲಿ ಟ್ರಯಲ್ ಹೊಡೆದ ದಿನ ಮುಂಗೆರೆ ಹಿಂಗೆರೆ ಒಂದರ ಮೇಲೊಂದು ಕೂತಿದ್ದವು. ಹಾಳೆಯನ್ನು ಬೆಳಕಿಗೆ ಹಿಡಿದರೆ ಒಂದೇ ಗೆರೆ ಕಾಣುತ್ತಿತ್ತು.

ಆ ಟ್ರಯಲ್‌ಗೆ ಕಾಗದವನ್ನು ನಾವೇ ಐವತ್ತೈವತ್ತು ಹಾಳೆ ಇಟ್ಟು ಜೋಪಾನವಾಗಿ ಕತ್ತರಿಸಿದ್ದೆವು. ಈ ಮಾತು ನೆನಪಿಟ್ಟುಕೊಳ್ಳಿ.

ಮೇ ತಿಂಗಳಲ್ಲಿ ಗದಗಿನ ಒಂದು ನೋಟ್‌ಬುಕ್ ಪ್ರೆಸ್‌ಗೆ ಮಷೀನ್ ಕೊಟ್ಟೆವು. ಜೂನ್‌ಗೆ ಶಾಲೆ ಶುರು, ಪ್ರೆಸ್‌ನವರಿಗೆ ಉಸಿರಾಡಲೂ ಪುರುಸೊತ್ತಿಲ್ಲದ ಕಾಲ. ಕೆಲಸ ಎರಡು ಗೆರೆ ಕಾಪಿ ಪುಸ್ತಕ, 58 ಜಿಎಸ್‌ಎಂ ತೆಳು ಕಾಗದ. ತೆಳು ಕಾಗದದಲ್ಲಿ ಹಿಂದಿನ ಗೆರೆ ಮುಂದೆ ಕಾಣುತ್ತದೆ. ಎರಡೂ ಒಂದರ ಮೇಲೊಂದು ಕೂತರೆ ಸರಿ. ಒಂದು ಮಿಲಿಮೀಟರ್ ಸರಿದರೂ ಎರಡು ಗೆರೆ ಮೂರು ನಾಲ್ಕಾಗಿ ಕಾಣುತ್ತವೆ, ಮಗು ಯಾವ ಗೆರೆ ಮಧ್ಯೆ ಬರೆಯಬೇಕು? ಮೊದಲ ನೂರಿನ್ನೂರು ಹಾಳೆ ಚೆನ್ನಾಗಿ ಬಂದವು. ಆಮೇಲೆ ಗೆರೆ ನಿಧಾನವಾಗಿ ಸರಿಯತೊಡಗಿತು. ಗುಂಡುಸೂಜಿಯಿಂದ ಮುಂಗೆರೆಯನ್ನು ಚುಚ್ಚಿ ಹಾಳೆ ತಿರುವಿ ನೋಡುತ್ತಿದ್ದೆ. ತೂತು ಹಿಂಗೆರೆಯಿಂದ ಕೂದಲೆಳೆಯಷ್ಟು ದೂರ, ಆಮೇಲೆ ಅರ್ಧ ಮಿಲಿಮೀಟರ್, ಆಮೇಲೆ ಇನ್ನೂ ಜಾಸ್ತಿ. ಹೆಚ್ಚುಕಡಿಮೆ ಸಾವಿರ ಹಾಳೆ ಆಗುವಾಗ ಇದ್ದಕ್ಕಿದ್ದಂತೆ ಮೊದಲಿನ ಜಾಗಕ್ಕೆ ವಾಪಸ್. ಮತ್ತೆ ಶುರು.

ನಿಧಾನವಾಗಿ ಸರಿದು ಒಮ್ಮೆಲೇ ಜಿಗಿಯುತ್ತದೆ ಅಂದರೆ ಮಷೀನಿನಲ್ಲೇ ಏನೋ ಜಾರುತ್ತಿದೆ ಅಂದುಕೊಂಡೆ. ಟೇಪಿನ ಟೆನ್ಷನ್ ನೋಡಿದೆ. ಗೇರ್ ಬದಲಿಸಿದೆ. ಬೇರಿಂಗ್ ಬಿಸಿಯಾಗಿ ಶಾಫ್ಟ್ ಹಿಗ್ಗುತ್ತಿದೆಯೇನೋ ಅಂತ ಮಧ್ಯರಾತ್ರಿ ತಂಪಿನಲ್ಲಿ ಓಡಿಸಿ ನೋಡಿದೆ. ಎರಡನೇ ಯೂನಿಟ್‌ನ ಫ್ರಂಟ್ ಲೇ ಪೂರ್ತಿ ಹೊಸದಾಗಿ ಮಾಡಿಸಿದೆ. ಹುಬ್ಬಳ್ಳಿ-ಗದಗ ನಡುವೆ ಎಷ್ಟು ಸಲ ಓಡಾಡಿದೆನೋ ಲೆಕ್ಕವಿಲ್ಲ. ಮೂರು ವಾರ ಹೋಯಿತು. ಆ ಪ್ರೆಸ್‌ನವರು ಹಳೇ ಮಷೀನ್‌ನಲ್ಲಿ ಹಗಲು ರಾತ್ರಿ ಓಡಿಸಿ ಆರ್ಡರ್ ಪೂರೈಸಿದರು.

ಅಲ್ಲಿ ಕಟಿಂಗ್ ಮಷೀನ್ ನೋಡಿಕೊಳ್ಳುವ ಕಾಕಾ ಒಬ್ಬರಿದ್ದರು. ಒಂದು ದಿನ ನನ್ನ ಫೀಡರ್‌ನಿಂದ ಒಂದು ಹಿಡಿ ಹಾಳೆ ತೆಗೆದುಕೊಂಡು, ಗಾಜಿನ ಟೇಬಲ್ ಮೇಲೆ ಒಂದು ಅಂಚನ್ನು ಕುಟ್ಟಿ ಸಮ ಮಾಡಿದರು. ಎದುರು ಅಂಚಿನ ಮೇಲೆ ನನ್ನ ಹೆಬ್ಬೆರಳು ಎಳೆದು ಆಡಿಸಿದರು. ಅಂಚು ನೆಟ್ಟಗಿರಲಿಲ್ಲ. ಇಳಿಜಾರು. ಮೇಲಿನಿಂದ ಕೆಳಗೆ ಬೆರಳು ಜಾರುತ್ತಿತ್ತು. "ಇದು ನಿನ್ನ ಮಷೀನಿಂದಲ್ಲೋ ತಮ್ಮಾ, ನನ್ನ ಬ್ಲೇಡಿಂದು" ಅಂದರು.

ನನ್ನ ತಪ್ಪು ಇದೇ. ಇದೊಂದನ್ನು ಎರಡೆರಡು ಸಲ ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ಹಾಳೆಗೆ ಒಂದು ನಿಶ್ಚಿತ ಉದ್ದ ಇದೆ ಅಂತ ನಾನು ನಂಬಿದ್ದೆ. ಡ್ರಾಯಿಂಗ್‌ನಲ್ಲಿ 15 ಇಂಚು ಅಂತ ಬರೆದಿದ್ದೆ, ಅಷ್ಟೇ. ಆದರೆ ನಮ್ಮ ಪ್ರೆಸ್‌ಗಳಲ್ಲಿ ಹಾಳೆ ಹೇಗೆ ಹುಟ್ಟುತ್ತದೆ? 20-30 ಇಂಚಿನ ಡಬಲ್ ಕ್ರೌನ್ ಕಾಗದ ಬರುತ್ತದೆ. ಎರಡು ರೀಮ್ ಒಟ್ಟಿಗೆ ಕಟಿಂಗ್ ಮಷೀನ್‌ಗೆ ಇಟ್ಟು ನಡುವೆ ಕೊಯ್ಯುತ್ತಾರೆ. ಎರಡು ರೀಮ್ ಅಂದರೆ ಸಾವಿರ ಹಾಳೆ, ಸುಮಾರು ಮೂರು ಇಂಚು ದಪ್ಪ. ಬ್ಲೇಡ್ ಇಳಿಯುವಾಗ ಮೇಲಿನ ಹಾಳೆಗಳನ್ನು ಸ್ವಲ್ಪ ತನ್ನ ಕಡೆ ಎಳೆದುಕೊಳ್ಳುತ್ತದೆ. ಕ್ಲ್ಯಾಂಪ್ ಸ್ವಲ್ಪ ಸಡಿಲವಿದ್ದರೆ, ಬ್ಲೇಡ್ ಸ್ವಲ್ಪ ಮೊಂಡಾಗಿದ್ದರೆ ಇನ್ನೂ ಜಾಸ್ತಿ. ಹಾಗಾಗಿ ಮೇಲಿನ ಹಾಳೆಗೂ ತಳದ ಹಾಳೆಗೂ ಉದ್ದದಲ್ಲಿ ಒಂದು ಮಿಲಿಮೀಟರ್ ತನಕ ವ್ಯತ್ಯಾಸ. ಎರಡು ರೀಮ್ ಮುಗಿದು ಮುಂದಿನ ಕಟ್ಟು ಬಂದಾಗ ಮತ್ತೆ ಮೊದಲಿನ ಉದ್ದ. ನನ್ನ ಗೆರೆ ಸಾವಿರಕ್ಕೊಮ್ಮೆ ಜಿಗಿಯುತ್ತಿದ್ದದ್ದು ಇದಕ್ಕೇ.

ಒಂದೇ ಬದಿ ಮುದ್ರಿಸುವಾಗ ಇದು ಯಾರ ಕಣ್ಣಿಗೂ ಬೀಳುವುದಿಲ್ಲ. ಹಾಳೆಯ ತಲೆ ಫ್ರಂಟ್ ಲೇಗೆ ತಾಗಿ ನಿಲ್ಲುತ್ತದೆ, ಮುದ್ರಣ ತಲೆಯಿಂದ ಅಳತೆ. ಬಾಲ ಒಂದು ಮಿಲಿಮೀಟರ್ ಉದ್ದವೋ ಗಿಡ್ಡವೋ, ಕೊನೆಗೆ ಟ್ರಿಮ್ಮಿಂಗ್‌ನಲ್ಲಿ ಹೋಗುತ್ತದೆ. ನನ್ನ ಜೇಬಿನ ಮಷೀನ್‌ನಲ್ಲಿ ಮುಂದಿನ ಬದಿಗೆ ಅಳತೆ ತಲೆಯಿಂದ, ಹಿಂದಿನ ಬದಿಗೆ ಅಳತೆ ಬಾಲದಿಂದ. ಹಾಳೆಯ ಉದ್ದ ಎಷ್ಟು ತಪ್ಪುತ್ತದೋ ಅಷ್ಟೂ ಪೂರ್ತಿಯಾಗಿ ಎರಡು ಮುದ್ರಣಗಳ ನಡುವೆ ಬಂದು ಕೂರುತ್ತದೆ. ಒಂದು ಮಿಲಿಮೀಟರ್‌ಗೆ ಒಂದು ಮಿಲಿಮೀಟರ್. ಬಾಲ ಓರೆಯಾಗಿ ಕತ್ತರಿಸಿದ್ದರೆ ಹಿಂಬದಿಯ ಮುದ್ರಣವೂ ಓರೆ. ಮಷೀನ್ ಎಷ್ಟೇ ಚೆನ್ನಾಗಿರಲಿ, ಗೇರ್ ಎಷ್ಟೇ ಬಿಗಿ ಇರಲಿ, ಇದು ಸರಿಹೋಗಲ್ಲ. ನಾನು ಬದಲಿಸಿದ ಗೇರ್ ಎಲ್ಲಾ ಸುಮ್ನೆ ಖರ್ಚು.

ಹೊಟ್ಟೆ ಉರಿಯುವುದು ಏನೆಂದರೆ, ಇದು ನನಗೆ ಗೊತ್ತಿತ್ತು. ಅಪ್ಪನ ಪ್ರೆಸ್‌ನಲ್ಲಿ ಬ್ಯಾಕ್, ಅಂದರೆ ಹಿಂಬದಿ, ಹೊಡೆಯುವಾಗ ಮಷೀನ್‌ಮ್ಯಾನ್ ಹಾಳೆಯನ್ನು ಎಡದಿಂದ ಬಲಕ್ಕೆ ತಿರುವಿ, ಸೈಡ್ ಲೇಯನ್ನು (ಪಕ್ಕದ ಅಂಚು ತಾಗುವ ತಡೆ) ಆ ಕಡೆಗೆ ಬದಲಿಸುತ್ತಿದ್ದ. ಗ್ರಿಪ್ಪರ್ ಅಂಚು, ಅಂದರೆ ಮಷೀನಿನ ಚಿಮುಟಗಳು ಹಿಡಿದೆಳೆಯುವ ತಲೆಯಂಚು, ಅದೇ ಇರುತ್ತಿತ್ತು, ಸೈಡ್ ಲೇಗೆ ತಾಗುವ ಅಂಚೂ ಅದೇ. "ಗ್ರಿಪ್ಪರ್ ಬದಲಿಸಬೇಡ" ಅನ್ನುವುದು ಅಲ್ಲಿ ಕಲಿಯಲು ಬಂದ ಹುಡುಗನಿಗೂ ಮೊದಲ ವಾರದಲ್ಲೇ ಹೇಳುವ ಮಾತು. ಅದನ್ನು ಕೇಳುತ್ತಲೇ ಬೆಳೆದ ನಾನು ಡ್ರಾಯಿಂಗ್ ಬೋರ್ಡ್ ಮುಂದೆ ಕೂತಾಗ ಮರೆತೆ.

ಹಾಗಾದರೆ ದೊಡ್ಡ ಮಷೀನ್‌ಗಳು ಬಾಲ ಹಿಡಿದು ತಿರುಗಿಸುತ್ತವಲ್ಲ ಅಂತ ಕೇಳಬಹುದು. ತಿರುಗಿಸುತ್ತವೆ. ಆದರೆ ಬಾಲವನ್ನು ಯಾವ ಲೇಗೂ ತಾಗಿಸುವುದಿಲ್ಲ. ತಲೆಯನ್ನು ಒಂದು ಡ್ರಮ್‌ನ ಗ್ರಿಪ್ಪರ್ ಹಿಡಿದಿರುವಾಗಲೇ ಇನ್ನೊಂದು ಡ್ರಮ್ ಬಾಲವನ್ನು ಹಿಡಿಯುತ್ತದೆ, ಆಮೇಲೆ ತಲೆ ಬಿಡುತ್ತಾರೆ. ಎರಡು ಹಿಡಿತಗಳ ನಡುವಿನ ದೂರ ಡ್ರಮ್‌ಗಳಿಂದ ಗಟ್ಟಿಯಾಗಿರುತ್ತದೆ. ಕಾಗದ ಸ್ವಲ್ಪ ಉದ್ದವಿದ್ದರೆ ಗ್ರಿಪ್ಪರ್ ಒಳಗೆ ಸ್ವಲ್ಪ ಜಾಸ್ತಿ ಹೋಗುತ್ತದೆ ಅಷ್ಟೇ. ಬಾಲ ಸಡಿಲವಾಗದಂತೆ ಸಕ್ಕರ್‌ಗಳು ಎಳೆದು ಹಿಡಿದಿರಬೇಕು. ಇಡೀ ಹಾಳೆಯನ್ನು ಹೊರುವ ದೊಡ್ಡ ಡ್ರಮ್ ಬೇಕು. ದುಡ್ಡೆಲ್ಲ ಹೋಗುವುದು ಇದಕ್ಕೇ. ನೀವು ಉಳಿಸಲು ಹೊರಟಿರುವುದೂ ಇದನ್ನೇ. ಜೊತೆಗೆ ತಲೆಗೂ ಬಾಲಕ್ಕೂ ಎರಡು ಕಡೆ ಗ್ರಿಪ್ಪರ್ ಜಾಗ ಖಾಲಿ ಬಿಡಬೇಕು. 15 ಇಂಚಿನ ಹಾಳೆಯಲ್ಲಿ ಅದು ಸಣ್ಣ ನಷ್ಟ ಅಲ್ಲ.

ಮಷೀನ್ ವಾಪಸ್ ತಂದೆವು. ಸಾಲ ಸೇರಿ ಒಂಬತ್ತು ಲಕ್ಷ ಹೋಯಿತು. ಸ್ನೇಹಿತರಲ್ಲಿ ಒಬ್ಬ ಬಿಟ್ಟು ಹೋದ. ಅವನ ಮೇಲೆ ನನಗೆ ಬೇಸರವಿಲ್ಲ, ಅವನಿಗೆ ಮನೆ ನಡೆಸಬೇಕಿತ್ತು.

ಈಗ ನಿಮ್ಮ ಪ್ರಶ್ನೆಗೆ ಬರುತ್ತೇನೆ. ಯಾವ ರೀತಿ ತಿರುಗಿಸಲಿ ಅಂತ ಕೇಳಿದ್ದೀರಿ. ತಿರುಗಿಸಲೇಬೇಡಿ. ಹಾಳೆ ಒಂದು ಸಿಲಿಂಡರ್‌ನಿಂದ ಪಕ್ಕದ ಸಿಲಿಂಡರ್‌ಗೆ ಗ್ರಿಪ್ಪರ್‌ನಿಂದ ಗ್ರಿಪ್ಪರ್‌ಗೆ ಹೋದಾಗ ತಾನಾಗಿಯೇ ಅದರ ಇನ್ನೊಂದು ಬದಿ ಹೊರಗೆ ಬರುತ್ತದೆ. ಕಾಗದದ ಪಟ್ಟಿ ತೆಗೆದುಕೊಂಡು ಎರಡು ಬಾಟಲಿಗಳ ನಡುವೆ ಇಂಗ್ಲಿಷಿನ ಎಸ್ ಅಕ್ಷರದ ಹಾಗೆ ಹಾಯಿಸಿ ನೋಡಿ. ಮೊದಲ ಬಾಟಲಿಯ ಮೇಲೆ ಒಂದು ಬದಿ ಹೊರಗೆ, ಎರಡನೆಯದರ ಕೆಳಗೆ ಇನ್ನೊಂದು ಬದಿ ಹೊರಗೆ. ತಲೆ ತಲೆಯಾಗಿಯೇ ಇರುತ್ತದೆ. ಇದು ಹೊಸದೂ ಅಲ್ಲ. ಫ್ರೀಡ್ರಿಖ್ ಕೋನಿಗ್ 1814ರಲ್ಲಿ ಲಂಡನ್ನಿನ ಟೈಮ್ಸ್ ಪತ್ರಿಕೆಗೆ ಉಗಿಯಿಂದ ಓಡುವ ಪ್ರೆಸ್ ಕೊಟ್ಟವರು. 1816ರ ಹೊತ್ತಿಗೆ ಎರಡೂ ಬದಿ ಮುದ್ರಿಸುವ ಮಷೀನ್ ಮಾಡಿದಾಗ ಎರಡು ಸಿಲಿಂಡರ್‌ಗಳ ನಡುವೆ ಹಾಳೆಯನ್ನು ಟೇಪ್‌ಗಳ ಮೇಲೆ ಇದೇ ಎಸ್ ದಾರಿಯಲ್ಲಿ ಒಯ್ದರು. ಇದನ್ನು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಎರಡನೇ ಮಷೀನ್ ಹಾಗೆಯೇ ಮಾಡಿದೆ. ಹಾಳೆಯನ್ನು ಹೊತ್ತು ಒತ್ತು ಕೊಡುವ ಎರಡು ಇಂಪ್ರೆಷನ್ ಸಿಲಿಂಡರ್ ಅಕ್ಕಪಕ್ಕ. ಮೊದಲನೆಯದರ ಮೇಲೆ ಒಂದು ಬ್ಲ್ಯಾಂಕೆಟ್ (ಪ್ಲೇಟಿನ ಇಂಕನ್ನು ಹಾಳೆಗೆ ದಾಟಿಸುವ ರಬ್ಬರ್ ಹೊದಿಕೆಯ ಸಿಲಿಂಡರ್), ಎರಡನೆಯದರ ಕೆಳಗೆ ಇನ್ನೊಂದು. ಜೇಬಿಲ್ಲ, ಟೇಪಿಲ್ಲ, ಡ್ರಮ್ಮಿಲ್ಲ. ಮೊದಲಿನ ಮಷೀನ್‌ಗಿಂತ ಉದ್ದ ಕಡಿಮೆಯೇ ಆಯಿತು. ಹಾಗಂತ ಸುಲಭ ಅಂದುಕೊಳ್ಳಬೇಡಿ. ಹಾಳೆಯ ತಲೆ ಎರಡನೇ ಸಿಲಿಂಡರ್‌ಗೆ ಹೋಗುವಾಗ ಬಾಲ ಇನ್ನೂ ಮೊದಲನೇ ಬ್ಲ್ಯಾಂಕೆಟ್ ಕೆಳಗೆ ಮುದ್ರಣವಾಗುತ್ತಿರುತ್ತದೆ. ಕೈಬದಲಿನಲ್ಲಿ ಚೂರು ಜಗ್ಗಿದರೂ ಗೆರೆ ದಪ್ಪವಾಗುತ್ತದೆ. ಎರಡೂ ಗ್ರಿಪ್ಪರ್ ಒಂದು ಕ್ಷಣ ಒಟ್ಟಿಗೆ ಹಿಡಿದಿರುವಂತೆ ಕ್ಯಾಮ್ ಕೊಯ್ಯಿಸಿ. ಎರಡನೇ ಸಿಲಿಂಡರ್‌ಗೆ ಹಸಿ ಇಂಕಿನ ಬದಿ ಒತ್ತುತ್ತದೆ. ಅದಕ್ಕೆ ಸಣ್ಣ ಗಾಜಿನ ಮಣಿ ಕೂರಿಸಿದ ಜಾಕೆಟ್ ಹಾಕಿದೆ. ಮಣಿಗಳ ತುದಿ ಮಾತ್ರ ತಾಗುವುದರಿಂದ ಇಂಕು ಮೆತ್ತುವುದಿಲ್ಲ, ಆದರೆ ದಿನಾ ಒರೆಸಬೇಕು.

ಬ್ಲ್ಯಾಂಕೆಟ್-ಟು-ಬ್ಲ್ಯಾಂಕೆಟ್, ಅಂದರೆ ಎದುರುಬದುರು ಎರಡು ಬ್ಲ್ಯಾಂಕೆಟ್‌ಗಳ ನಡುವೆ ಹಾಳೆ ಹಾಯಿಸಿ ಎರಡೂ ಬದಿ ಒಮ್ಮೆಲೇ ಮುದ್ರಿಸುವ ಬಗೆಯ ಬಗ್ಗೆಯೂ ಕೇಳಿದ್ದೀರಿ. ಅಲ್ಲೂ ಅಂಚು ಒಂದೇ, ಆ ಲೆಕ್ಕಕ್ಕೆ ಒಳ್ಳೆಯದು. ಆದರೆ ತೆಳು ಹಾಳೆ ಎರಡೂ ಬ್ಲ್ಯಾಂಕೆಟ್‌ಗೆ ಅಂಟುತ್ತದೆ, ಬಿಡಿಸುವುದು ಕಷ್ಟ. ನನಗೆ ಅದು ಬೇಡ. ಇನ್ನು ಬೇಕಾದಾಗ ಒಂದೇ ಬದಿಗೆ ಎರಡು ಬಣ್ಣವೂ ಹೊಡೆಯುವ ಹಾಗಿರಲಿ ಅನ್ನುವ ಆಸೆ ಬಿಟ್ಟುಬಿಡಿ. ನೀವು ಹೇಳಿದ ಪ್ರಶ್ನೆಪತ್ರಿಕೆ, ನೋಟ್‌ಬುಕ್‌ಗೆ ಅದು ಬೇಕಿಲ್ಲ, ಮಷೀನ್ ಬೆಲೆ ಮಾತ್ರ ಏರುತ್ತದೆ. ಐನೂರು, ಸಾವಿರ ಪ್ರತಿಯ ಕೆಲಸವೇ ಜಾಸ್ತಿ ಅಂತಾದರೆ ಈ ಮಷೀನೇ ಬೇಡ, ಡಿಜಿಟಲ್ ಡೂಪ್ಲಿಕೇಟರ್ ತಗೊಳ್ಳಿ.

ಚಿಕ್ಕದು ಅನ್ನುವುದರ ಬಗ್ಗೆಯೂ ಒಂದು ಮಾತು. ನನ್ನ ಗಿರಾಕಿಗಳಲ್ಲಿ ಯಾರೂ ಮಷೀನಿನ ಉದ್ದ ಅಳೆಯಲಿಲ್ಲ. ಬ್ಲ್ಯಾಂಕೆಟ್ ತೊಳೆಯಲು ಕೈ ಒಳಗೆ ಹೋಗುತ್ತದಾ ಅಂತ ನೋಡಿದರು. ಕೆಳಗಿನ ಯೂನಿಟ್‌ಗೆ ಪ್ಲೇಟ್ ಹಾಕಲು ಮೊದಲು ನೆಲದ ಮೇಲೆ ಮಲಗಬೇಕಿತ್ತು. ಆ ಕೆಲಸ ಮಾಡುತ್ತಿದ್ದವನಿಗೆ ಬೆನ್ನುನೋವು ಬಂತು. ಆಮೇಲೆ ಇಡೀ ಮಷೀನನ್ನು ಒಂದು ಅಡಿ ಎತ್ತರದ ಕಟ್ಟೆ ಮೇಲೆ ಕೂರಿಸಿ, ಫೀಡರ್ ಬದಿಗೆ ಮೆಟ್ಟಿಲು ಹಾಕಿಕೊಟ್ಟೆ. ನಿಮ್ಮ ಕೋಣೆಯ ಸೀಲಿಂಗ್ ಎಷ್ಟು ಎತ್ತರ ಅಂತ ನೀವು ಬರೆದಿಲ್ಲ. ಅದನ್ನು ತಿಳಿಸಿ. ಅಷ್ಟರಲ್ಲಿ ನಿಮ್ಮೂರಿನ ಯಾವುದಾದರೂ ಕಟಿಂಗ್ ಅಂಗಡಿಗೆ ಹೋಗಿ, ಈಗಷ್ಟೇ ಕೊಯ್ದ ಎರಡು ರೀಮಿನ ಕಟ್ಟಿನಿಂದ ಮೇಲಿನ ಹತ್ತು, ತಳದ ಹತ್ತು ಹಾಳೆ ಕೇಳಿ ತನ್ನಿ. ಒಂದರ ಮೇಲೊಂದಿಟ್ಟು ಒಂದಂಚು ಕುಟ್ಟಿ ಸಮ ಮಾಡಿ, ಎದುರಂಚಿನ ಮೇಲೆ ಹೆಬ್ಬೆರಳು ಎಳೆಯಿರಿ.